ಒಂಬತ್ತನೆಯ ಹನಿ

ಐದನೆಯ ಹನಿಗೇ ನೀರು ಹಳದಿಗೆ ತಿರುಗಬೇಕಿತ್ತು. ತಿರುಗಲಿಲ್ಲ.

ಸಾಕುಮೀನಿನ ಅಂಗಡಿಯ ಹವಳದಣ್ಣ ಆರನೆಯ ಹನಿ ಬಿಟ್ಟ. ಬೆರಳುದ್ದದ ಗಾಜಿನ ಕೊಳವೆಯನ್ನು ಅಲುಗಾಡಿಸಿ ಕಿಟಕಿಯ ಬೆಳಕಿಗೆ ಹಿಡಿದ. ನೀಲಿ. ಏಳನೆಯದಕ್ಕೂ ನೀಲಿಯೇ. ಎಂಟನೆಯದನ್ನು ಬಿಡುವ ಹೊತ್ತಿಗೆ ಅವನ ಮುಖದ ಮೇಲಿದ್ದ ವ್ಯಾಪಾರದ ನಗೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಒಂಬತ್ತನೆಯ ಹನಿ ಬಿತ್ತು. ನೀರು ತಟ್ಟನೆ ಹಳದಿಯಾಯಿತು.

“ಅಕ್ಕಾವ್ರೆ, ಇದು ನಿಮ್ಮ ತಂಗಿ ಮನೆ ಹವಳದ ತೊಟ್ಟಿ ನೀರೇ ತಾನೆ?”

ಬೆಳಿಗ್ಗೆ ಆರೂವರೆಗೆ ತಾನೇ ಬಾಟಲಿ ಮುಳುಗಿಸಿ ತುಂಬಿದ್ದು, ಅಲ್ಲಿಂದ ಇಲ್ಲಿಯವರೆಗೆ ಅದು ತನ್ನ ಚೀಲ ಬಿಟ್ಟು ಹೊರಗೆ ಬಂದಿಲ್ಲ ಎಂದು ಅವಳು ಹೇಳಿದಳು. ಹವಳದಣ್ಣ ನಂಬಲಿಲ್ಲ. ಹೊಸ ಡಬ್ಬಿ ಒಡೆದು, ಬೇರೆ ಔಷಧಿಯ ಸೀಸೆ ತೆಗೆದು ಮೊದಲಿನಿಂದ ಎಣಿಸಿದ. ಮತ್ತೆ ಒಂಬತ್ತು.

“ಹಾಗಿದ್ರೆ ಯಾರೋ ಈ ತೊಟ್ಟಿಗೆ ದಿನಾ ಊಟ ಹಾಕ್ತಿದ್ದಾರೆ,” ಎಂದ.

ಆ ತೊಟ್ಟಿಗೆ ಊಟ ಹಾಕುವುದು ಗೊತ್ತಿದ್ದವರು ಒಬ್ಬರೇ. ಅವಳ ತಂಗಿಯ ಗಂಡ, ಹಲ್ಲಿನ ಡಾಕ್ಟರು. ಅವರು ಕಾಣೆಯಾಗಿ ಇವತ್ತಿಗೆ ಹತ್ತೊಂಬತ್ತು ದಿನ. ಅವರ ಕಾರಿನ ಸೀಟಿನ ಮೇಲೆ ರಕ್ತ ಸಿಕ್ಕಿ ಹದಿನೇಳು ದಿನ. ಇವತ್ತು ಸಂಜೆ ಆರು ಗಂಟೆಗೆ ಇನ್ಸ್‌ಪೆಕ್ಟರು ವಾರಂಟು ಹಿಡಿದುಕೊಂಡು ತಂಗಿಯ ಮನೆಗೆ ಬರುವವರಿದ್ದರು, ಗಂಡನನ್ನು ಕೊಂದವಳೆಂದು ಅವಳನ್ನು ಕರೆದೊಯ್ಯಲು.

ಊರಿನವರ ಬಾಯಲ್ಲಿ ಇವಳು ತೂಕದಕ್ಕ. ಮೂವತ್ತೊಂದು ವರ್ಷ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ದುಡಿದು, ಅಂಗಡಿಯವರ ತಕ್ಕಡಿಗೂ ಲೀಟರಿಗೂ ಮುದ್ರೆ ಒತ್ತಿ ಒತ್ತಿ ನಿವೃತ್ತಳಾದವಳು. ತೂಕದ ಬಟ್ಟಿನ ಅಡಿಯಿಂದ ಸೀಸ ಕೆರೆದು ತೆಗೆದಿದ್ದರೆ ಅಂಗೈಯಲ್ಲಿಟ್ಟುಕೊಂಡೇ ಹೇಳಿಬಿಡುತ್ತಿದ್ದಳು. ಅಳೆಯದ ಮಾತನ್ನು ಅವಳು ನಂಬುವುದಿಲ್ಲ. ಒಮ್ಮೆ ಅಳೆದಳೋ, ಬ್ರಹ್ಮ ಬಂದು ಹೇಳಿದರೂ ಬಿಡುವುದಿಲ್ಲ. ನಿವೃತ್ತಿಯಾದ ಮೇಲೆ ಜನ ತಮ್ಮ ಮನೆಯ ಗೋಜಲುಗಳನ್ನು ತಂದು ಅವಳ ಮುಂದೆ ಸುರಿಯತೊಡಗಿದ್ದಕ್ಕೆ ಕಾರಣವೂ ಅದೇ. ಆದರೆ ಈ ಸಲದ ಗೋಜಲು ಒಡಹುಟ್ಟಿದವಳದು.

ಅವಳು ಈ ಅಂಗಡಿಗೆ ಬಂದದ್ದು ಪತ್ತೇದಾರಿಕೆಗಲ್ಲ, ತಂಗಿ ಹೇಳಿದ್ದಕ್ಕೆ. ಬೆಳಿಗ್ಗೆ ಠಾಣೆಗೆ ಹೊರಡುವ ಮುಂಚೆ ತಂಗಿ ತೊಟ್ಟಿಯ ಗಾಜಿಗೆ ಕೈ ಆನಿಸಿಕೊಂಡು ನಿಂತು ಹೇಳಿದ್ದಳು: “ಅಕ್ಕ, ನನ್ನ ಕರ್ಕೊಂಡು ಹೋದ್ರೆ ಇದಕ್ಕೆ ನೀರು ಹಾಕೋರು ಯಾರು? ಯಾವುದಾದ್ರೂ ಮಿಷನ್ ನೋಡಿ ತಗೊಂಡು ಬಾ. ಅಳತೆ ಎಲ್ಲಾ ನಿನಗೇ ಗೊತ್ತಾಗೋದು.”

ಡಾಕ್ಟರು ಕಾಣೆಯಾಗುವ ಹಿಂದಿನ ಸಂಜೆ, ‘ನಾನು ಬೇಕೋ ಆ ತೊಟ್ಟಿ ಬೇಕೋ, ಇವತ್ತೇ ಹೇಳಿ’ ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದವಳೂ ಇದೇ ತಂಗಿ. ಪೊಲೀಸರು ಆ ಮಾತನ್ನು ಅಕ್ಕಪಕ್ಕದವರಿಂದ ಬರೆಸಿಕೊಂಡಿದ್ದರು. ಅಂಥವಳು ಇವತ್ತು ಆ ತೊಟ್ಟಿಗಾಗಿ ಅಂಗಲಾಚಿದ್ದಳು. ತೂಕದಕ್ಕ ಅವಳನ್ನು ಠಾಣೆಯಲ್ಲಿ ಬಿಟ್ಟು, ಬಾಟಲಿಯ ಸಮೇತ ನೇರ ಇಲ್ಲಿಗೆ ಬಂದಿದ್ದಳು.

ಅಂಗಡಿಯ ಹಲಗೆಯ ಮೇಲೆ ಮೀನಿನ ಚಿತ್ರವಿತ್ತು. ಅದನ್ನು ನೋಡಿ ದಿನಕ್ಕೊಬ್ಬರಾದರೂ ಒಳಗೆ ಬಂದು ಕೆಜಿ ಎಷ್ಟು ಎಂದು ಕೇಳುತ್ತಿದ್ದರಂತೆ. ಇಲ್ಲಿ ಸಾಕೋದು ಮಾತ್ರ, ಕೊಯ್ಯೋದು ಪಕ್ಕದ ಬೀದಿ ಎಂದು ಹವಳದಣ್ಣ ಅವರನ್ನು ಸಾಗಹಾಕುತ್ತಿದ್ದ. ತೂಕದಕ್ಕನ ಜೊತೆ ಮಾತ್ರ ಒಂದು ಗಂಟೆ ಕೂತು ಮಾತಾಡಿದ್ದ.

ಮೊದಲು ನೀರು ತುಂಬಿಸುವ ಯಂತ್ರ. ಸಮುದ್ರದ ತೊಟ್ಟಿಯಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಹಾಗಾಗಿ ಮೇಲಿನಿಂದ ಹಾಕಬೇಕಾದದ್ದು ಉಪ್ಪಿಲ್ಲದ ಶುದ್ಧ ನೀರು, ಆರಿದಷ್ಟೇ. ಡಾಕ್ಟರ ತೊಟ್ಟಿಗೆ ದಿನಕ್ಕೆ ಹತ್ತಿರ ಹತ್ತಿರ ಮೂರು ಲೀಟರು. ಅವನು ತೋರಿಸಿದ ಮೊದಲ ಯಂತ್ರದಲ್ಲಿ ತೇಲುವ ಬುರುಡೆಯಿತ್ತು, ಪಾಯಿಖಾನೆಯ ಫ್ಲಶ್ಶಿನಲ್ಲಿರುವಂಥದೇ. ಒಂದು ಬಸವನಹುಳು ಅದರ ಕೆಳಗೆ ಸಿಕ್ಕಿಕೊಂಡರೆ ಕಥೆ ಮುಗಿಯಿತು ಎಂದು ಅವನೇ ಒಪ್ಪಿದ. ಎರಡನೆಯದಕ್ಕೆ ನೀರಿನ ಮಟ್ಟ ನೋಡುವ ಗಾಜಿನ ಕಣ್ಣು. ಕಣ್ಣಿಗೆ ಪಾಚಿ ಕಟ್ಟಿದರೆ ಏನು ಗತಿ ಎಂದು ಅವಳು ಕೇಳಿದಳು. ಆಗ ಅವನು ಒಳಗಿನಿಂದ ಮೂರನೆಯದನ್ನು ತಂದ. ಅದಕ್ಕೆ ಕಣ್ಣೂ ಇತ್ತು, ಕಾವಲಿಗೆ ಬುರುಡೆಯೂ ಇತ್ತು, ಜೊತೆಗೆ ಪಂಪು ಹತ್ತು ನಿಮಿಷಕ್ಕಿಂತ ಹೆಚ್ಚು ಓಡಿದರೆ ತಾನೇ ನಿಂತು ಕಿರುಚಿಕೊಳ್ಳುತ್ತಿತ್ತು. ತೂಕದಕ್ಕ ಅದರ ಮೇಲೆ ಬೆರಳಿಟ್ಟಳು.

ತಿಂಗಳಿಗೊಮ್ಮೆ ತುಂಬಿಸಿದರೆ ಸಾಕು ಎಂದು ಕೆಲವರು ನೂರು ಲೀಟರಿನ ಡ್ರಮ್ಮು ಇಡುತ್ತಾರೆಂದು ಅವನು ತೋರಿಸಿದ. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿ ಬೇಡವೆಂದಳು. ಯಂತ್ರ ಕೆಟ್ಟು ಅಷ್ಟೂ ಸುರಿದರೆ ಮುನ್ನೂರು ಲೀಟರಿನ ತೊಟ್ಟಿ ಸಪ್ಪೆಯಾಗಿ ಒಳಗಿರುವುದೆಲ್ಲ ಸತ್ತುಹೋಗುತ್ತದೆ. ಇಪ್ಪತ್ತು ಲೀಟರು ಸುರಿದರೆ ಬದುಕಿಕೊಳ್ಳುತ್ತವೆ. ಇದನ್ನು ಗಿರಾಕಿಗಳಿಗೆ ಹೇಳಿ ಹೇಳಿ ತನ್ನ ಬಾಯಿ ಒಣಗಿದೆ, ತಾನಾಗಿ ಹೇಳಿದವರು ನೀವೇ ಮೊದಲು ಎಂದು ಹವಳದಣ್ಣ ಕೈ ಮುಗಿದ.

ಆಮೇಲೆ ಊಟ ಹಾಕುವ ಯಂತ್ರ. ಆ ತೊಟ್ಟಿಯಲ್ಲಿ ಬೆಳೆಯುವ ಕಲ್ಲುಹವಳ ನೀರಿನಲ್ಲಿರುವ ಸುಣ್ಣದ ಅಂಶವನ್ನೂ ಕ್ಷಾರವನ್ನೂ ತಿಂದೇ ಮೈ ಕಟ್ಟಿಕೊಳ್ಳುತ್ತದೆ. ಎರಡು ಪುಟ್ಟ ಉರುಳೆಗಳು ಎರಡು ರಬ್ಬರ್ ನಳಿಕೆಗಳನ್ನು ಒತ್ತುತ್ತ ಅವೆರಡನ್ನೂ ಹನಿಹನಿಯಾಗಿ ಬಿಡುತ್ತಿದ್ದವು. ಎರಡನ್ನೂ ಒಂದೇ ಗಳಿಗೆಗೆ ಬಿಡಬಾರದು, ಬಿಟ್ಟರೆ ಅಲ್ಲೇ ಸೀಮೆಸುಣ್ಣದಂತೆ ಗಟ್ಟಿಯಾಗುತ್ತದೆ ಎಂದು ಅವನು ಎಚ್ಚರಿಸಿದ. ಹತ್ತು ಮಿಲಿ ಎಂದು ಹೇಳಿ ಯಂತ್ರ ಎಷ್ಟು ಬಿಡುತ್ತದೆ ಎಂದು ತೂಕದಕ್ಕ ಅಳತೆಯ ಕೊಳವೆ ಹಿಡಿದೇ ನೋಡಿದಳು. ಒಂಬತ್ತು ಬಿತ್ತು. ಇದಕ್ಕೆ ನಾನು ಮುದ್ರೆ ಒತ್ತೋ ಹಾಗಿಲ್ಲ ಎಂದಳು. ಮನೆಯಲ್ಲಿ ಒಮ್ಮೆ ಸರಿಪಡಿಸಿಕೊಂಡರೆ ಆಮೇಲೆ ಅದು ತಪ್ಪುವುದಿಲ್ಲ ಎಂದು ಅವನು ನಕ್ಕ.

ಉಳಿದದ್ದು ಒಂದೇ, ದಿನಕ್ಕೆ ಎಷ್ಟು ಹಾಕಬೇಕು ಎಂಬುದು. ಅದಕ್ಕೇ ಆ ಬಾಟಲಿ ನೀರು. ಹತ್ತೊಂಬತ್ತು ದಿನದಿಂದ ಡಾಕ್ಟರಿಲ್ಲ, ಊಟ ಹಾಕಿದವರಿಲ್ಲ. ಹನಿಗಳ ಲೆಕ್ಕದಲ್ಲಿ ಕ್ಷಾರ ಎಷ್ಟು ಇಳಿದಿದೆಯೋ ನೋಡಿ ಹತ್ತೊಂಬತ್ತರಿಂದ ಭಾಗಿಸಿದರೆ ಒಂದು ದಿನದ ಊಟ ಸಿಗುತ್ತದೆ. ಸಾಮಾನ್ಯವಾಗಿ ಒಂಬತ್ತರಲ್ಲಿರುವ ತೊಟ್ಟಿ ಇಷ್ಟು ದಿನದಲ್ಲಿ ನಾಲ್ಕಕ್ಕೋ ಐದಕ್ಕೋ ಬಂದಿರಲೇಬೇಕು.

ಬಂದಿರಲಿಲ್ಲ. ಒಂದು ಹನಿಯೂ ಕಡಿಮೆಯಾಗಿರಲಿಲ್ಲ.

“ಡಾಕ್ಟ್ರು ಈ ಮಿಷನ್ನೆಲ್ಲ ಬೇಡ ಅಂತಿದ್ರು,” ಹವಳದಣ್ಣ ದನಿ ತಗ್ಗಿಸಿದ. “ಹಳೇ ಕಾಲದವರ ಥರ, ತುಂಬಿಸೋ ನೀರಿಗೇ ಸುಣ್ಣದ ಪುಡಿ ಕಲಸಿಬಿಡ್ತಿದ್ರು. ತಿಳಿ ನಿಂತ ಮೇಲೆ ನೋಡೋಕೆ ಬರೀ ನೀರು. ಕುಡಿದ್ರೆ ಗಂಟಲು ಸುಟ್ಟುಹೋಗುತ್ತೆ.”

ಇನ್ನು ಯಾರಿಗೆ ಈ ವಿದ್ಯೆ ಗೊತ್ತು ಎಂದು ಅವಳು ಕೇಳಿದಳು. ಈ ಊರಲ್ಲಿ ತನಗೆ ಗೊತ್ತು, ಅವರಿಗೆ ಗೊತ್ತು, ಮೂರನೆಯವರನ್ನು ತಾನು ಕಂಡಿಲ್ಲ ಎಂದ.

ತೂಕದಕ್ಕ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು. ತಂಗಿಗೆ ತೊಟ್ಟಿಯ ಗಂಧಗಾಳಿ ಇಲ್ಲ. ಕ್ಯಾನಿನಲ್ಲಿ ಬಂದ ನೀರನ್ನು ಚೊಂಬಿನಲ್ಲಿ ಅಳೆದು ಸುರಿಯುವುದಷ್ಟೇ ತನಗೆ ಗೊತ್ತೆಂದು ಪೊಲೀಸರಿಗೂ ಹೇಳಿದ್ದಳು, ಅಕ್ಕನಿಗೂ ಹೇಳಿದ್ದಳು. ಆ ಕ್ಯಾನು ವಾರಕ್ಕೊಂದರಂತೆ ಬರುವುದು ಡಾಕ್ಟರ ಕ್ಲಿನಿಕ್ಕಿನಿಂದ. ಉಪಕರಣ ಶುದ್ಧ ಮಾಡಲು ಅಲ್ಲಿ ನೀರು ಬಟ್ಟಿ ಇಳಿಸುವ ಯಂತ್ರವಿತ್ತು. ಹೊತ್ತು ತರುವವನು ಡಾಕ್ಟರ ತಮ್ಮ, ಅದೇ ಕ್ಲಿನಿಕ್ಕಿನಲ್ಲಿ ಹಲ್ಲಿನ ಸೆಟ್ಟು ಮಾಡುವವನು. ಅಂದರೆ ಕ್ಯಾನು ಮನೆಗೆ ಬರುವ ಮೊದಲೇ ಯಾರೋ ಅದಕ್ಕೆ ಸುಣ್ಣ ಕಲಸುತ್ತಿದ್ದಾರೆ.

ಡಾಕ್ಟರು ಬದುಕಿದ್ದಾರೆ. ತಮ್ಮ ಅವರನ್ನು ಎಲ್ಲೋ ಬಚ್ಚಿಟ್ಟಿದ್ದಾನೆ. ತಂಗಿ ನಿರಪರಾಧಿ.

ಈ ಮೂರು ವಾಕ್ಯ ಒಂದರ ಹಿಂದೊಂದು ತಲೆಗೆ ಬಡಿದಾಗ ಅವಳಿಗೆ ಅಳು ಬಂದಿತು. ಅಂಗಡಿಯಲ್ಲಿ ಅಳುವ ಜಾತಿಯವಳಲ್ಲವಾದ್ದರಿಂದ ಮೂಗು ಒರೆಸಿಕೊಂಡು, ಯಂತ್ರಗಳ ಪೆಟ್ಟಿಗೆ ಕಟ್ಟಿಸಿಕೊಂಡು ಠಾಣೆಗೆ ಹೊರಟಳು.

ನಾಲ್ಕು ಗಂಟೆಗೆ ಠಾಣೆಯಿಂದ ತಂಗಿಯನ್ನು ಬಿಟ್ಟರು, ಬಟ್ಟೆಬರೆ ಕಟ್ಟಿಕೊಂಡು ಆರಕ್ಕೆ ತಯಾರಿರಬೇಕೆಂದು ಹೇಳಿ. ಬೆಳಿಗ್ಗೆ ಏಳರಿಂದ ಅದೇ ಬೆಂಚಿನ ಮೇಲೆ ಕೂತಿದ್ದ ತಂಗಿಯ ಕಣ್ಣು ಗುಳಿಬಿದ್ದಿತ್ತು. ದಾರಿಯುದ್ದಕ್ಕೂ ತೂಕದಕ್ಕ ಬಾಯಿ ಬಿಡಲಿಲ್ಲ. ಆಸೆ ತೋರಿಸಿ ಆಮೇಲೆ ಸುಳ್ಳಾದರೆ ಆ ಜೀವ ತಡೆಯುವುದಿಲ್ಲ. ಮೊದಲು ಅಳೆಯಬೇಕು.

ಮನೆ ತಲುಪಿದ್ದೇ ತಂಗಿ ಸ್ನಾನಕ್ಕೆ ಹೋದಳು. ತೂಕದಕ್ಕ ಹಿತ್ತಲ ಬಾಗಿಲು ತೆರೆದಳು. ಮೆಟ್ಟಿಲ ಮೇಲೆ ಈ ವಾರದ ಕ್ಯಾನು ಕೂತಿತ್ತು. ಡಾಕ್ಟರು ಹೋದ ಮೇಲೆ ಬಂದ ಮೂರನೆಯದು. ಬಗ್ಗಿ ನೋಡಿದಳು. ಅಡಿಯಲ್ಲಿ ಹಿಟ್ಟಿನಂಥ ಬಿಳಿ ಗಸಿ, ಮೇಲೆ ಕನ್ನಡಿಯಂಥ ತಿಳಿ.

ಎರಡು ಲೋಟಕ್ಕೆ ನೀರು ಬಗ್ಗಿಸಿ ಅಡುಗೆಮನೆಯ ಮೇಜಿನ ಮೇಲಿಟ್ಟಳು. ಶಾಲೆಯಲ್ಲಿ ಮೇಷ್ಟರು ಮಾಡಿ ತೋರಿಸಿದ್ದು ಯಾರಿಗೆ ನೆನಪಿಲ್ಲ? ತಂಪು ಪಾನೀಯದ ಹಳೆಯ ಕೊಳವೆಯೊಂದನ್ನು ಹುಡುಕಿ ಒಂದು ಲೋಟದಲ್ಲಿ ಅದ್ದಿ, ಹೀರದೆ, ಮೆಲ್ಲಗೆ ಊದಿದಳು. ಗುಳಗುಳ ಸದ್ದಾಯಿತು. ನೀರು ಮಬ್ಬಾಯಿತು. ಇನ್ನೊಂದು ಉಸಿರಿಗೆ ಹಾಲಿನಷ್ಟು ಬೆಳ್ಳಗಾಯಿತು.

ಸುಣ್ಣದ ತಿಳಿ. ಅನುಮಾನವೇ ಇಲ್ಲ.

ಇನ್ಸ್‌ಪೆಕ್ಟರಿಗೆ ಫೋನು ಮಾಡಿದಾಗ ಅವಳದು ಹಳೆಯ ಸರ್ಕಾರಿ ದನಿಯೇ. “ಡಾಕ್ಟರು ಬದುಕಿದ್ದಾರೆ. ಸಾಕ್ಷಿ ನನ್ನ ಕಣ್ಣೆದುರಿಗಿದೆ. ಈ ಮಾತಿಗೆ ನಾನು ಹೊಣೆ,” ಎಂದಳು. ಇನ್ಸ್‌ಪೆಕ್ಟರ ಅಪ್ಪ ಅಂಗಡಿ ಇಟ್ಟಿದ್ದವರು, ಅವರ ತಕ್ಕಡಿಯನ್ನು ಒಮ್ಮೆ ಜಪ್ತಿ ಮಾಡಿದವಳೂ ಇವಳೇ. ಇವಳ ಅಳತೆ ಸುಳ್ಳಾಗುವುದಿಲ್ಲವೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ವಾರಂಟು ಜೇಬಿನಲ್ಲೇ ಇರಲಿ, ಈಗಲೇ ಬಂದು ನೋಡುತ್ತೇನೆ ಎಂದರು.

ಫೋನು ಇಡುವಷ್ಟರಲ್ಲಿ ಸ್ಕೂಟರಿನ ಸದ್ದು. ಡಾಕ್ಟರ ತಮ್ಮ ಖಾಲಿ ಕ್ಯಾನು ತೆಗೆದುಕೊಂಡು ಹೋಗಲು ಬಂದಿದ್ದ. ಉಗುರ ಸಂದಿಯಲ್ಲಿ ಸೆಟ್ಟಿನ ಗುಲಾಬಿ ಮೇಣ, ಮುಖದಲ್ಲಿ ನಿದ್ದೆಗೆಟ್ಟ ಕಳೆ. ತೂಕದಕ್ಕ ಅವನನ್ನು ಅಡುಗೆಮನೆಗೇ ಕರೆದಳು. ಬೆಳ್ಳಗಾದ ಲೋಟವನ್ನು ಪಾತ್ರೆಗಳ ಹಿಂದೆ ಸರಿಸಿ, ತಿಳಿಯಾಗಿದ್ದ ಇನ್ನೊಂದನ್ನು ಮುಂದಿಟ್ಟಳು.

ಕ್ಯಾನಿನಲ್ಲಿ ಏನಿದೆ ಎಂದು ಕೇಳಿದಳು. ನೀರು ಎಂದ. ಬರೀ ನೀರೇ ಎಂದು ಕೇಳಿದಳು. ಇನ್ನೇನಿರುತ್ತದೆ, ಕ್ಲಿನಿಕ್ಕಿನ ಯಂತ್ರದಿಂದ ತಾನೇ ಹಿಡಿದು ತಂದದ್ದು ಎಂದ. ಬೆಳಿಗ್ಗೆ ಒಂಬತ್ತಕ್ಕೆ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ, ಹಿತ್ತಲ ಗೇಟು ದೂಡಿ ಮೆಟ್ಟಿಲ ಮೇಲಿಟ್ಟು ಹೋದೆ ಎಂದ.

“ಹಾಗಿದ್ರೆ ಈ ಲೋಟ ಕುಡಿ.”

ಈಗ ಸಿಕ್ಕಿಬಿದ್ದ ಎಂದುಕೊಂಡಳು. ಕೈ ಹಿಂದೆಗೆಯುತ್ತಾನೆ, ಬಾಯಾರಿಕೆ ಇಲ್ಲ ಎನ್ನುತ್ತಾನೆ, ಏನಾದರೂ ನೆಪ ಹೇಳುತ್ತಾನೆ. ಕಣ್ಣು ಮಿಟುಕಿಸದೆ ಅವನ ಮುಖವನ್ನೇ ನೋಡಿದಳು.

ಅವನು ಲೋಟ ಎತ್ತಿಕೊಂಡ. ಬಿಸಿಲಲ್ಲಿ ಬಂದಿದ್ದ, ಬಾಯಾರಿತ್ತು. ಗಟಗಟನೆ ಕುಡಿಯುವವನಂತೆ ಕತ್ತು ಹಿಂದಕ್ಕೆ ಬಾಗಿಸಿ ಬಾಯಿಗೆ ಇಟ್ಟೇಬಿಟ್ಟ.

ತೂಕದಕ್ಕ ಹಾರಿ ಲೋಟಕ್ಕೆ ಹೊಡೆದಳು. ಅದು ಗೋಡೆಗೆ ಬಡಿದು ಉರುಳಿತು. ಅವನ ಗಲ್ಲದ ಮೇಲೆ, ಅಂಗಿಯ ಮೇಲೆ ನೀರು. ತುಟಿ ತೊಳ್ಕೋ, ಬೇಗ ತೊಳ್ಕೋ ಎಂದು ನಲ್ಲಿಯ ಕೆಳಗೆ ಅವನ ತಲೆ ಹಿಡಿದು ಬಗ್ಗಿಸಿದಳು. ಅವನು ಬೆದರಿ, ಉಗುಳಿ, ತುಟಿ ಒರೆಸಿಕೊಂಡು ಅವಳನ್ನು ನೋಡಿದ.

“ಏನಕ್ಕ ಇದು? ಈ ನೀರನ್ನ ನಾನು ಕ್ಲಿನಿಕ್ಕಲ್ಲಿ ದಿನಾ ಕುಡೀತೀನಿ.”

ಇವನಿಗೆ ಗೊತ್ತಿಲ್ಲ. ಸುಣ್ಣದ ವಿಷಯ ಇವನಿಗೆ ನಿಜಕ್ಕೂ ಗೊತ್ತಿಲ್ಲ. ಕ್ಲಿನಿಕ್ಕಿನಿಂದ ಹೊರಡುವಾಗ ಅದು ಬರೀ ನೀರು. ಅಂದರೆ ಸುಣ್ಣ ಬೆರೆಯುತ್ತಿರುವುದು ಈ ಮನೆಗೆ ಬಂದ ಮೇಲೆ.

ಬಚ್ಚಲಿನ ಬಾಗಿಲು ತೆರೆಯಿತು. ಒದ್ದೆ ಕೂದಲಿಗೆ ಟವಲು ಸುತ್ತಿಕೊಂಡು ತಂಗಿ ಅಡುಗೆಮನೆಯ ಹೊಸಿಲಿಗೆ ಬಂದಳು. ನೆಲದ ಮೇಲಿನ ನೀರು ನೋಡಿದಳು, ಮೈದುನನ ಒದ್ದೆ ಅಂಗಿ ನೋಡಿದಳು. ಆಮೇಲೆ ಪಾತ್ರೆಗಳ ಹಿಂದಿದ್ದ ಬಿಳಿಯ ಲೋಟ ಅವಳ ಕಣ್ಣಿಗೆ ಬಿತ್ತು.

“ಯಾವ ಕ್ಯಾನಿಂದ ತೆಗ್ದೆ ಅದನ್ನ?”

ಏನೂ ಗೊತ್ತಿಲ್ಲದವರು ಇದೇನು ಹಾಲು ಚೆಲ್ಲಿದ್ದೀರಾ ಎಂದು ಕೇಳುತ್ತಿದ್ದರು. ನೀರು ಯಾಕೆ ಬೆಳ್ಳಗಾಯಿತು ಎಂದು ಕೇಳುತ್ತಿದ್ದರು. ತೂಕದಕ್ಕ ಮೂವತ್ತೊಂದು ವರ್ಷ ಅಂಗಡಿಗಳ ಮೆಟ್ಟಿಲು ಹತ್ತಿದವಳು. ತಪ್ಪಿಲ್ಲದ ಅಂಗಡಿಯವನು ಅಧಿಕಾರಿಯ ಮುಖ ನೋಡುತ್ತಾನೆ. ತಪ್ಪಿರುವವನ ಕಣ್ಣು ಮೊದಲು ಬಟ್ಟಿನ ಕಡೆಗೆ ಹೋಗುತ್ತದೆ. ಒಡಹುಟ್ಟಿದವಳ ಕಣ್ಣು ಆ ಲೋಟ ಬಿಟ್ಟು ಕದಲುತ್ತಿರಲಿಲ್ಲ.

ಮೈದುನನನ್ನು ಹೊರಗೆ ಕೂರಲು ಹೇಳಿ ತೂಕದಕ್ಕ ಬಾಗಿಲು ಹಾಕಿದಳು.

“ನೀನೇ ಕಲಸಿದ್ದು.”

ತಂಗಿ ಇಲ್ಲವೆನ್ನಲಿಲ್ಲ. ಗೋಡೆಗೆ ಒರಗಿಕೊಂಡು ಕೂತಳು. ಹನ್ನೊಂದು ವರ್ಷ ಗಂಡ ಅದೇ ಕೆಲಸ ಮಾಡುವುದನ್ನು ನೋಡಿದ್ದಳು, ಕ್ಯಾನಿಗೆ ನಾಲ್ಕು ಚಮಚ. ಡಬ್ಬಿ ಎಲ್ಲಿರುತ್ತದೆ ಎಂಬುದೂ ಗೊತ್ತಿತ್ತು. ಅವರು ಹೋದ ಮೇಲೆ ಬಂದ ಕ್ಯಾನುಗಳಿಗೆ ತಾನೇ ಹಾಕಿದೆ ಎಂದಳು. ಯಾಕೆ ಎಂದು ಕೇಳಿದಾಗ ತಲೆ ಎತ್ತಿದಳು.

“ನಾನು ಎಷ್ಟು ಅತ್ರೂ ನೀನು ನಂಬ್ತಿರ್ಲಿಲ್ಲ ಅಕ್ಕ. ನೀನು ಅಳೆದಿದ್ದನ್ನ ಮಾತ್ರ ನಂಬೋದು. ನೀನು ನಂಬಿದ್ರೆ ಪೊಲೀಸ್ರೂ ನಂಬ್ತಾರೆ.”

ತೂಕದಕ್ಕನಿಗೆ ಕೆನ್ನೆಗೆ ಹೊಡೆಸಿಕೊಂಡಂತಾಯಿತು. ಬೆಳಗಿನ ಆ ಅಂಗಲಾಚುವಿಕೆ, ತೊಟ್ಟಿಯ ಗಾಜಿನ ಮೇಲಿನ ಆ ಕೈ, ‘ಅಳತೆ ನಿನಗೇ ಗೊತ್ತಾಗೋದು’ ಎಂಬ ಆ ಮಾತು. ಯಂತ್ರ ಆರಿಸಲು ಹೋದವಳು ನೀರು ಪರೀಕ್ಷೆ ಮಾಡಿಸದೆ ಬರುವುದಿಲ್ಲವೆಂದು ತಂಗಿಗೆ ಗೊತ್ತಿತ್ತು. ತುಂಬಿಕೊಳ್ಳಲು ಖಾಲಿ ಬಾಟಲಿ ತಂದುಕೊಟ್ಟವಳೂ ಅವಳೇ. ಒಂದು ಸುಳ್ಳು ಬಟ್ಟಿಗೆ ಇಲಾಖೆಯ ಅಧಿಕಾರಿಯ ಕೈಯಿಂದಲೇ ಮುದ್ರೆ ಒತ್ತಿಸಿಕೊಂಡಿದ್ದಳು, ಅದೂ ಸ್ವಂತ ಅಕ್ಕನಿಂದ. ಆ ಮುದ್ರೆ ಒತ್ತಿದ ಮಾತು ಈಗಾಗಲೇ ಇನ್ಸ್‌ಪೆಕ್ಟರ ಕಿವಿ ಸೇರಿತ್ತು.

“ಮೂರೂ ಕ್ಯಾನಿಗೆ ಹಾಕಿ ನನ್ನ ಕಣ್ಣಿಗೆ ಮಣ್ಣೆರಚಿದೆ,” ಎಂದಳು.

ತಂಗಿಯ ಹುಬ್ಬು ಗಂಟಿಕ್ಕಿತು. “ಮೂರಲ್ಲ. ಎರಡು.”

“ಇದು ಮೂರನೇದು. ಇವತ್ತಿಂದು.”

“ಇವತ್ತಿಂದನ್ನ ನಾನು ಮುಟ್ಟೇ ಇಲ್ವಲ್ಲ ಅಕ್ಕ. ಬೆಳಿಗ್ಗೆ ಏಳರಿಂದ ಠಾಣೇಲಿದ್ದೆ. ಬಂದವಳು ನೇರ ಸ್ನಾನಕ್ಕೆ ಹೋದೆ. ನೀನೇ ಜೊತೇಲಿದ್ದೆಯಲ್ಲ.”

ತೂಕದಕ್ಕ ಮನಸ್ಸಿನಲ್ಲೇ ಗಂಟೆಗಳನ್ನು ಎಣಿಸಿದಳು. ಒಂಬತ್ತಕ್ಕೆ ಕ್ಯಾನು ಬಂತು, ಬರೀ ನೀರಾಗಿ. ನಾಲ್ಕೂವರೆಗೆ ಮುಚ್ಚಳ ತೆಗೆದವಳು ತಾನೇ. ನಡುವೆ ಮನೆಯಲ್ಲಿ ಯಾರೂ ಇಲ್ಲ. ಲೆಕ್ಕ ಎಲ್ಲಿಯೂ ತಪ್ಪಿರಲಿಲ್ಲ.

ಅವಳು ಹಿತ್ತಲಿನಿಂದ ಕ್ಯಾನು ಎಳೆದು ತಂದು ತಂಗಿಯ ಮುಂದೆ ನಿಲ್ಲಿಸಿದಳು. ಅಡಿಯ ಬಿಳಿ ಗಸಿ ಕದಡಿ ಮೇಲೇಳುತ್ತಿತ್ತು. ಅದನ್ನು ನೋಡುತ್ತಿದ್ದಂತೆ ತಂಗಿಯ ಮುಖದಲ್ಲಿ ರಕ್ತದ ಒಂದು ಹನಿಯೂ ಉಳಿಯಲಿಲ್ಲ. ಹತ್ತೊಂಬತ್ತು ದಿನದಲ್ಲಿ ಪೊಲೀಸರ ಮುಂದೆಯೂ ಹೆದರದವಳು ಒಂದು ನೀರಿನ ಕ್ಯಾನಿನಿಂದ ಕೈಕಾಲು ಊರಿಕೊಂಡು ಹಿಂದೆ ಹಿಂದೆ ಸರಿದಳು.

“ಇಲ್ಲ ಅಕ್ಕ. ಅವರು ಅಲ್ಲ. ಅದು ಆಗೋಕೆ ಸಾಧ್ಯಾನೇ ಇಲ್ಲ.”

ಗಂಡ ಬದುಕಿದ್ದಾನೆ ಎಂಬ ಗುರುತು ಕಣ್ಣೆದುರಿಗೆ ಬಂದು ನಿಂತರೆ ಯಾವ ಹೆಂಡತಿ ಹೀಗೆ ಹೆದರುತ್ತಾಳೆ? ಹತ್ತೊಂಬತ್ತು ದಿನ ಊರೆಲ್ಲ ಅಳೆದ ತೂಕದಕ್ಕ ತಂಗಿಯನ್ನು ಒಂದು ಪ್ರಶ್ನೆ ಮಾತ್ರ ಕೇಳಿರಲಿಲ್ಲ. ಈಗ ಕೇಳಿದಳು. ಕೇಳುವಾಗಲೇ ಅವಳಿಗೆ ಉತ್ತರ ಬೇಡವಾಗಿತ್ತು.

“ಯಾಕೆ ಸಾಧ್ಯ ಇಲ್ಲ?”

ಮುಂದಿನ ಗೇಟಿನ ಅಗುಳಿ ಸರಿಯಿತು. ಬೂಟಿನ ಸದ್ದು ಜಗಲಿ ದಾಟಿ ಒಳಗೆ ಬಂತು. ಇನ್ಸ್‌ಪೆಕ್ಟರು ಅಡುಗೆಮನೆಯ ಬಾಗಿಲು ದೂಡಿ, ನೆಲದ ಮೇಲೆ ಮುದುಡಿ ಕೂತವಳನ್ನು ನೋಡಿ, ಆಮೇಲೆ ತೂಕದಕ್ಕನ ಕಡೆ ತಿರುಗಿ ಟೋಪಿ ತೆಗೆದರು.

“ನಿಮ್ಮ ಮಾತಿನ ಮೇಲೆ ಬಂದಿದ್ದೀನಿ, ಮೇಡಂ. ಹೇಳಿ. ಡಾಕ್ಟರು ಬದುಕಿದ್ದಾರಾ?”